ಥರ್ಟಿ ಫಾರ್ಟಿ ಸೈಟಿನಲ್ಲಿ ಎಷ್ಟು ಆಟ ಹಿಡಿಸುತ್ತದೆ?

ಓದುಗರ ಪತ್ರ:

ನಮ್ಮ ಬಡಾವಣೆಯಲ್ಲಿ ಮಕ್ಕಳ ಆಟಕ್ಕೆಂದು ಬಿಟ್ಟ ಒಂದು 30x40 ಸೈಟಿದೆ. ನಿವಾಸಿಗಳ ಸಂಘದಿಂದ ದುಡ್ಡು ಕೂಡಿಸಿದ್ದೇವೆ. ಕಂಪನಿಯೊಂದು ಎರಡು ಜಾರುಬಂಡೆ, ಒಂದು ಸುರಂಗ, ಮೇಲೊಂದು ಚಾವಣಿ ಇರುವ ‘ಮಲ್ಟಿ ಪ್ಲೇ ಸ್ಟೇಷನ್’ಗೆ ಕೊಟೇಶನ್ ಕೊಟ್ಟಿದೆ. 20x15 ಅಡಿಯದು. ಕೆಳಗೆ ಕಾಂಕ್ರೀಟ್ ಹಾಕಿ ಆರ್ಟಿಫಿಶಿಯಲ್ ಹುಲ್ಲು ಹಾಸಿಕೊಡುತ್ತಾರಂತೆ. ಬ್ರೋಷರ್ ತುಂಬಾ ‘ಮಗುವಿನ ಸರ್ವಾಂಗೀಣ ಬೆಳವಣಿಗೆ’ ಎಂದಿದೆ. ಪಕ್ಕದ ಬಡಾವಣೆಯಲ್ಲಿ ಇಂಥದ್ದೇ ಹಾಕಿಸಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳಿಗೆ ಬೇಜಾರು ಬಂತು. ಈಗ ಅವರ ಆಟವೆಂದರೆ ಜಾರುಬಂಡೆಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುವುದು! ನಿಜವಾಗಿ ಬೆಳವಣಿಗೆಗೆ ಏನು ಬೇಕು, ಏನನ್ನು ಬಿಡಬಹುದು? ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.
— ಓದುಗರು, ನಾಗರಭಾವಿ

ಸಂಪಾದಕರ ಉತ್ತರ:

ಅಡ್ವಾನ್ಸ್ ಕೊಟ್ಟಿಲ್ಲ ಎಂದಿರಲ್ಲ, ಅದೊಂದು ಒಳ್ಳೆಯ ಕೆಲಸವಾಯಿತು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಪಕ್ಕದ ಬಡಾವಣೆಯ ಮಕ್ಕಳೇ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತಿ ಜಾರಿ ಇಳಿಯುವುದು ಮೂರು ವರ್ಷದ ಮಗುವಿಗೆ ದೊಡ್ಡ ಸಾಹಸ, ಆರು ವರ್ಷದ ಮಗುವಿಗೆ ಎರಡು ದಿನದ ಆಟ. ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮವಾಗಿದ್ದರೆ ಕಾಲಿಗೆ ಯೋಚಿಸುವ ಕೆಲಸವೇ ಇಲ್ಲ. ಕೆಳಗಿನಿಂದ ಹತ್ತುವಾಗ ಹಾಗಲ್ಲ. ಕಾಲು ಜಾರುತ್ತದೆ, ಕೈ ಅಂಚನ್ನು ಬಿಗಿಹಿಡಿಯಬೇಕು, ಮೈ ಮುಂದಕ್ಕೆ ಬಾಗಬೇಕು, ಮೇಲಿನಿಂದ ಯಾರಾದರೂ ಬರುತ್ತಾರೋ ಎಂದು ಕಣ್ಣಿಡಬೇಕು. ಸ್ಟೇಷನ್‌ನಲ್ಲಿ ಸಿಗದ ಕೆಲಸವನ್ನು ಮಕ್ಕಳು ತಾವೇ ಹುಡುಕಿಕೊಂಡಿದ್ದಾರೆ, ಅಷ್ಟೇ.

ಆದ್ದರಿಂದ ಸಲಕರಣೆ ಎಷ್ಟು ಎಂದು ಎಣಿಸಬೇಡಿ, ಚಲನೆ ಎಷ್ಟು ಬಗೆ ಎಂದು ಎಣಿಸಿ. ಕೊಟೇಶನ್‌ನಲ್ಲಿರುವ ಎರಡು ಜಾರುಬಂಡೆ, ಮೆಟ್ಟಿಲು, ಸುರಂಗ ಎಲ್ಲ ಸೇರಿ ಹತ್ತುವುದು, ತೆವಳುವುದು, ಜಾರುವುದು ಎಂಬ ಮೂರೇ ಬಗೆ. ತೂಗುವುದಿಲ್ಲ, ನೇತಾಡುವುದಿಲ್ಲ, ಅಗೆಯುವುದಿಲ್ಲ. ಮರಕೋತಿ ಆಟದಲ್ಲಿ ಒಂದು ಆಲದ ಮರ ಇದಕ್ಕಿಂತ ಹೆಚ್ಚು ಕೊಡುತ್ತಿತ್ತು.

ತೂಗುವುದರಿಂದ ಶುರು ಮಾಡೋಣ. ಒಳಗಿವಿಯಲ್ಲಿ ಸಮತೋಲದ ಅಂಗವೊಂದಿದೆ. ಅದರಲ್ಲಿರುವ ಮೂರು ಅರ್ಧವೃತ್ತದ ನಾಳಗಳು ತಲೆ ತಿರುಗುವುದನ್ನು ಅಳೆಯುತ್ತವೆ. ಪಕ್ಕದಲ್ಲೇ ಸಣ್ಣ ಸುಣ್ಣದ ಹರಳುಗಳಿರುವ ಎರಡು ಚೀಲಗಳು ಮುಂದೆ-ಹಿಂದೆ, ಮೇಲೆ-ಕೆಳಗೆ ಹೋಗುವುದನ್ನೂ ತಲೆ ವಾಲಿರುವುದನ್ನೂ ಅಳೆಯುತ್ತವೆ. ಗರಗರನೆ ತಿರುಗಿ ನಿಂತ ಮೇಲೂ ಲೋಕ ತಿರುಗುತ್ತಲೇ ಇರುವುದು ಆ ನಾಳಗಳೊಳಗಿನ ದ್ರವ ಇನ್ನೂ ನಿಂತಿಲ್ಲದ್ದರಿಂದ. ಉಯ್ಯಾಲೆಯಲ್ಲಿ ಈ ಅಂಗ, ಕಣ್ಣು, ಬೆನ್ನು ಮೂರೂ ಒಂದೇ ತಾಳಕ್ಕೆ ಕೆಲಸ ಮಾಡಬೇಕು. ಹಿಂದಿನಿಂದ ದೊಡ್ಡವರು ತಳ್ಳುವಾಗ ಮಗುವಿಗೆ ಸಿಗುವುದು ತೂಗಾಟ ಮಾತ್ರ. ಐದು ವರ್ಷದ ಆಸುಪಾಸಿನಲ್ಲಿ ತಾನೇ ಕಾಲು ಚಾಚಿ, ಮೈ ಹಿಂದಕ್ಕೆ ಒರಗಿಸಿ, ತಿರುಗಿ ಬರುವಾಗ ಕಾಲು ಮಡಚಿ ಜೀಕಲು ಕಲಿತಾಗ ಸಿಗುವುದು ಬೇರೆ: ಯಾವ ಕ್ಷಣದಲ್ಲಿ ಬಲ ಹಾಕಬೇಕು ಎಂಬ ಅಂದಾಜು. ಅಜ್ಜ-ಅಜ್ಜಿಯರು ತಳ್ಳುವುದನ್ನು ಒಂದಿಷ್ಟು ಬೇಗ ನಿಲ್ಲಿಸಿದರೆ ಒಳ್ಳೆಯದು. ನಾಲ್ಕು ಸಂಜೆ ಮಗು ಸಿಡುಕುತ್ತದೆ, ಐದನೆಯ ಸಂಜೆ ಜೀಕುತ್ತದೆ.

ನೇತಾಡುವುದು ನಮ್ಮ ಪಾರ್ಕುಗಳಲ್ಲಿ ಅತಿ ಕಡಿಮೆ ಸಿಗುವ ಚಲನೆ. ಬೆರಳು ಬಿಗಿಯಬೇಕು, ಮಣಿಕಟ್ಟು, ಭುಜ, ಹೊಟ್ಟೆ ಎಲ್ಲವೂ ಸೇರಿ ಸ್ವಂತ ತೂಕವನ್ನು ಹೊರಬೇಕು. ಮೇಜಿನ ಮುಂದೆ ಕೂತು ಪೆನ್ಸಿಲ್ ಹಿಡಿದಾಗಲೂ ಭುಜ ಸ್ಥಿರವಾಗಿ ನಿಂತರೇ ಬೆರಳಿಗೆ ಬಿಡುವು. ಇಲ್ಲಿ ಒಂದು ಸಣ್ಣ ಲೆಕ್ಕ ಎಲ್ಲವನ್ನೂ ಕೆಡಿಸುತ್ತದೆ. ಮಗುವಿನ ಮುಷ್ಟಿಗೆ ಹಿಡಿ ಸಿಗಬೇಕಾದರೆ ಕಂಬಿಯ ಹೊರವ್ಯಾಸ 24ರಿಂದ 39 ಮಿ.ಮೀ. ಒಳಗಿರಬೇಕು, 32ರ ಹತ್ತಿರವಿದ್ದರೆ ಉತ್ತಮ. ಇದನ್ನು ಓದಿದವರು ನೇರವಾಗಿ ಅಂಗಡಿಗೆ ಹೋಗಿ ‘32 ಎಂ.ಎಂ. ಜಿಐ ಪೈಪ್’ ಕೇಳುತ್ತಾರೆ. ಪೈಪಿನ ವ್ಯಾಪಾರದಲ್ಲಿ ಆ 32 ಎನ್ನುವುದು ಒಳಗಿನ ಅಳತೆಯ ಹೆಸರು, ಹೊರವ್ಯಾಸ 42 ಮಿ.ಮೀ. ದಾಟುತ್ತದೆ. ಐದು ವರ್ಷದ ಮಗುವಿನ ಹೆಬ್ಬೆರಳು ಅದನ್ನು ಸುತ್ತುವರಿಯುವುದಿಲ್ಲ, ಕೈ ಜಾರುತ್ತದೆ. ನೀವು ಕೇಳಬೇಕಾದದ್ದು ಒಂದು ಇಂಚಿನ ಪೈಪು, ಅಂದರೆ 25ರದ್ದು. ಅದರ ಹೊರವ್ಯಾಸ ಸುಮಾರು 34 ಮಿ.ಮೀ. ಚಿಕ್ಕವರ ಕೈಹಿಡಿಗೆ ಮುಕ್ಕಾಲು ಇಂಚು, ಹೊರವ್ಯಾಸ ಸುಮಾರು 27 ಮಿ.ಮೀ. ಎರಡೂ ‘ಬಿ’ ಕ್ಲಾಸ್ ಇರಲಿ. ‘ಎ’ ಕ್ಲಾಸ್‌ನ ಗೋಡೆ ತೆಳು, ವೆಲ್ಡ್ ಮಾಡುವಾಗ ತೂತು ಬೀಳುತ್ತದೆ. ಪೈಪಿನ ತುದಿ ತೆರೆದಿರಬಾರದು. ಮಳೆನೀರು ಇಳಿದು ಒಳಗಿನಿಂದ ತುಕ್ಕು ಹಿಡಿದರೆ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಅದೂ ಅಲ್ಲದೆ ಕಣಜ ಗೂಡು ಕಟ್ಟುತ್ತದೆ.

ಹತ್ತುವುದಕ್ಕೆ ಏಣಿಗಿಂತ ಬಲೆ, ಕಮಾನು, ಅಂತರ ಬೇರೆ ಬೇರೆ ಇರುವ ಹಿಡಿಗಳು ಒಳ್ಳೆಯವು. ಮುಂದಿನ ಕೈ ಎಲ್ಲಿಗೆ, ಕಾಲು ಎಲ್ಲಿಗೆ ಎಂದು ಪ್ರತಿ ಹೆಜ್ಜೆಗೂ ಹೊಸದಾಗಿ ಲೆಕ್ಕ ಹಾಕಬೇಕಲ್ಲ, ಅದೇ ಪಾಠ. ಮರಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಗು ಒಂದು ಗಂಟೆ ಒಂದೇ ಕಡೆ ಕೂರುವ ಜಾಗ ಪಾರ್ಕಿನಲ್ಲಿ ಅದೊಂದೇ, ಪಕ್ಕದ ಮನೆಯ ಮಗುವಿನ ಜೊತೆ ಮೊದಲ ಮಾತುಕತೆ ನಡೆಯುವುದೂ ಅಲ್ಲೇ. ನಲ್ಲಿಯೊಂದು ಹತ್ತಿರವಿರಲಿ, ಒಣ ಮರಳಿನಲ್ಲಿ ಗೂಡು ನಿಲ್ಲುವುದಿಲ್ಲ.

ಸಣ್ಣ ಜಾಗವೆಂದು ಕೊರಗುವವರಿಗೆ ಆಮ್‌ಸ್ಟರ್‌ಡಾಮ್ ನೆನಪಿಸಬೇಕು. ಅಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಮೂರು ದಶಕ ನಗರಸಭೆಗಾಗಿ 700ಕ್ಕೂ ಹೆಚ್ಚು ಆಟದ ಜಾಗಗಳನ್ನು ಮಾಡಿದರು, ಎಷ್ಟೋ ಕಡೆ ಎರಡು ಮನೆಗಳ ನಡುವಿನ ಖಾಲಿ ನಿವೇಶನದಲ್ಲೇ. ಒಂದು ಮರಳುಗುಂಡಿ, ಕಬ್ಬಿಣದ ಕಮಾನು, ಜಿಗಿಯಲು ಕಾಂಕ್ರೀಟ್ ದಿಮ್ಮಿಗಳು, ಇಷ್ಟೇ. ಆನೆಯ ಸೊಂಡಿಲು, ರಾಕೆಟ್ಟು ಯಾವುದೂ ಇರಲಿಲ್ಲ. ಸೊಂಡಿಲು ಎಂದಿಗೂ ಸೊಂಡಿಲೇ. ಕಮಾನು ಇವತ್ತು ಮನೆ, ನಾಳೆ ಮೆಟ್ರೋ ಸುರಂಗ.

ಈಗ ನಿಮ್ಮ 1200 ಚದರ ಅಡಿಗೆ ಬರೋಣ. ಯಾವ ಸಲಕರಣೆಯೇ ಇರಲಿ, ಸುತ್ತ 6 ಅಡಿ ಬಿಡುವು ಬೇಕು, ಬೀಳುವ ಮಗುವಿಗೆ ಆ ಜಾಗದಲ್ಲಿ ಏನೂ ಬಡಿಯಬಾರದು. 20x15ರ ಸ್ಟೇಷನ್ನಿಗೆ ಈ ಲೆಕ್ಕದಲ್ಲಿ 32x27 ಅಡಿ ಹೋಗುತ್ತದೆ. ಅಲ್ಲಿಗೆ ಸೈಟು ಮುಗಿಯಿತು. ಉಯ್ಯಾಲೆಯಂತೂ ಇನ್ನೂ ದುಂದುಗಾರ. ಮೇಲಿನ ಅಡ್ಡಕಂಬಿ ಎಷ್ಟು ಎತ್ತರವೋ ಅದರ ಎರಡರಷ್ಟು ಮುಂದೆ, ಎರಡರಷ್ಟು ಹಿಂದೆ ಬಿಡಬೇಕು. 7 ಅಡಿ ಕಂಬಿಗೆ ಉದ್ದ 28 ಅಡಿ, 6 ಅಡಿಗೆ 24. ಆರಡಿಯದೇ ಸಾಕು. ಒಂದು ಚೌಕಟ್ಟಿಗೆ ಎರಡೇ ಆಸನ, ಮೂರನೆಯದನ್ನು ಸೇರಿಸಲು ಕಂಪನಿಯವರು ಸಿದ್ಧರಿದ್ದರೂ ಬೇಡ, ನಡುವಿನ ಆಸನಕ್ಕೆ ಹೋಗುವ ಮಗು ಪಕ್ಕದ ತೂಗಾಟಕ್ಕೆ ಅಡ್ಡ ಬರುತ್ತದೆ. ಆಸನಕ್ಕೂ ಕಂಬಕ್ಕೂ ನಡುವೆ 30 ಇಂಚು, ಆಸನಗಳ ನಡುವೆ 24 ಇಂಚು. ಹೀಗೆ ಅಡ್ಡಕಂಬಿ ಸುಮಾರು 10 ಅಡಿ, ಎರಡು ಬದಿಯ ಬಿಡುವು ಸೇರಿ ಅಗಲ 22 ಅಡಿ.

24x22ನ್ನು ಸೈಟಿನ 30 ಅಡಿ ಬದಿಗೆ ಉದ್ದವಾಗಿ, ಗೇಟಿನಿಂದ ದೂರದ ಮೂಲೆಗೆ ಹಾಕಿ. ಗೇಟಿನ ಎದುರು ಉಯ್ಯಾಲೆ ಇದ್ದರೆ ಓಡಿ ಬರುವ ಮಗುವಿನ ಮುಖಕ್ಕೇ ಆಸನ. ಅದರ ತುದಿಗೆ 6x22ರ ಪಟ್ಟಿ ಉಳಿಯುತ್ತದೆ. ಅಲ್ಲಿ 6x10ರ ಮರಳುಗುಂಡಿ, ಮಿಕ್ಕದ್ದರಲ್ಲಿ ಕುಂಟೆಬಿಲ್ಲೆಯ ಗೆರೆ, ಹಿರಿಯರಿಗೊಂದು ಬೆಂಚು. ಇನ್ನರ್ಧ 30x18. ಅದರಲ್ಲಿ 4x4 ಅಡಿಯ, 3 ಅಡಿ ಎತ್ತರದ ಒಂದು ಅಟ್ಟ. ಒಂದು ಕಡೆ ಜಾರುಬಂಡೆ, ಎದುರು ಕಡೆ ಹತ್ತುವ ಬಲೆ, ಆ ಬಲೆಯ ಆಚೆಗೆ 5 ಅಡಿ ಎತ್ತರದಲ್ಲಿ ನೇತಾಡುವ ಕಂಬಿ. ಬಿಡುವು ಸೇರಿ 27x16ರಲ್ಲಿ ಹಿಡಿಸುತ್ತದೆ. ಅಟ್ಟದ ಅಡಿಯಲ್ಲಿ ಎರಡು ಹಲಗೆ ಹೊಡೆದು ಒಂದು ಕಿಟಕಿ ಕೊರೆದರೆ ಅಂಗಡಿ, ಮನೆ, ಕ್ಲಿನಿಕ್ಕು ಎಲ್ಲವೂ ಆಗುತ್ತದೆ. ಸೀ-ಸಾ, ತಿರುಗುಬಂಡಿ ಇಷ್ಟು ಜಾಗಕ್ಕೆ ಬೇಡ.

ಅಟ್ಟಕ್ಕೆ ಮೂರಡಿ ಎತ್ತರ ಕಡಿಮೆಯಾಯಿತಲ್ಲ ಎಂದು ಸಂಘದಲ್ಲಿ ಯಾರಾದರೂ ಕೇಳುತ್ತಾರೆ. ಜಾರುಬಂಡೆಯ ಇಳಿಜಾರು ಸರಾಸರಿ 30 ಡಿಗ್ರಿ ದಾಟಬಾರದು. 3 ಅಡಿಗೆ ಅದು ಅಡ್ಡಕ್ಕೆ ಸುಮಾರು 5 ಅಡಿ ತಿನ್ನುತ್ತದೆ, 6 ಅಡಿಗೆ ಹತ್ತು ಮೀರುತ್ತದೆ. ಎತ್ತರ ಹೆಚ್ಚಿಸಿ ಜಾಗ ಉಳಿಸುವವರು ಇಳಿಜಾರನ್ನು ಕಡಿದಾಗಿಸುತ್ತಾರೆ. ಆಗ ಮಗು ಜಾರುವುದಿಲ್ಲ, ಬೀಳುತ್ತದೆ. ತುದಿಯಲ್ಲಿ ಕನಿಷ್ಠ 11 ಇಂಚು ಮಟ್ಟವಾದ ಭಾಗ ಇರಲಿ, ಅದು ನೆಲದಿಂದ 11 ಇಂಚಿಗಿಂತ ಮೇಲಿರಬಾರದು. ಬದಿಯ ಅಂಚು 4 ಇಂಚು. ಸ್ಟೀಲ್ ಆದರೆ ಉತ್ತರಕ್ಕೆ ಮುಖ ಮಾಡಿಸಿ, ಇಲ್ಲವೇ ಹೊಂಗೆಯ ನೆರಳಿಗೆ ಹಾಕಿ. ಏಪ್ರಿಲ್ ಮಧ್ಯಾಹ್ನ ನಮ್ಮ ಊರಿನಲ್ಲೂ ತೊಡೆ ಸುಡುತ್ತದೆ. ಫೈಬರ್‌ನದಾದರೆ ಮೇಲಿನ ಹೊಳಪು ಪದರ ಸವೆದ ದಿನ ಅದರ ಆಯುಷ್ಯ ಮುಗಿಯಿತೆಂದು ತಿಳಿಯಿರಿ, ಗಾಜಿನ ಎಳೆಗಳು ಮೈಗೆ ಚುಚ್ಚುತ್ತವೆ. ಇನ್ನೊಂದು ಮಾತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರಬಾರದು. ಮಗುವಿನ ಶೂ ಅಂಚಿಗೆ ತಗುಲಿ ನಿಲ್ಲುತ್ತದೆ, ದೊಡ್ಡವರ ತೂಕ ನಿಲ್ಲುವುದಿಲ್ಲ, ಮೊಳಕಾಲಿನ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. ಒಂಟಿಯಾಗಿ ಜಾರಿದ್ದರೆ ಆ ಮಗುವಿಗೆ ಏನೂ ಆಗುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ನಮಗೆ ನಿಜವಾಗಿ ಭಯ ಹುಟ್ಟಿಸಿದ್ದು ‘ಕಾಂಕ್ರೀಟ್ ಮೇಲೆ ಆರ್ಟಿಫಿಶಿಯಲ್ ಹುಲ್ಲು’. ಅದು ಹಸಿರು ಬಣ್ಣದ ಕಾಂಕ್ರೀಟು. ಬಿದ್ದ ತಲೆಯನ್ನು ತಡೆಯುವ ಗುಣ ಅದರಲ್ಲಿಲ್ಲ. ಒಟ್ಟು ಹಣದಲ್ಲಿ ಮೂರನೇ ಒಂದು ಭಾಗವನ್ನಾದರೂ ನೆಲಕ್ಕೆ ಎತ್ತಿಡಿ ಎನ್ನುವುದು ನಮ್ಮ ಸಲಹೆ. ನೆಲ ಗಟ್ಟಿಯಾಗಿದ್ದರೆ ದೊಡ್ಡವರು ‘ಹತ್ತಬೇಡ, ಇಳಿ’ ಎಂದು ಕೂಗುತ್ತಲೇ ಇರುತ್ತಾರೆ, ಕೊಟ್ಟ ಕಾಸೆಲ್ಲ ಆ ಕೂಗಿಗೆ ಹೋಗುತ್ತದೆ.

ಬಹಳ ಜನ ಮರಳು ಹಾಕಿದರಾಯಿತು ಎನ್ನುತ್ತಾರೆ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗದ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ. ಅದರ ಪ್ರಕಾರ 9 ಇಂಚು ಮರಳು 4 ಅಡಿ ಎತ್ತರದ ಬೀಳುವಿಕೆಗಷ್ಟೇ ಸಾಕು. ಅದೇ 9 ಇಂಚು ಮರದ ಚಕ್ಕೆ 10 ಅಡಿಯವರೆಗೆ ಕಾಯುತ್ತದೆ. ಉಯ್ಯಾಲೆಗೆ ಬೀಳುವ ಎತ್ತರವೆಂದರೆ ಆಸನದ ಎತ್ತರವಲ್ಲ, ಅಡ್ಡಕಂಬಿಯ ಎತ್ತರ, ನಿಮ್ಮಲ್ಲಿ 6 ಅಡಿ. ಹಾಗಾಗಿ ಮರಳು ಆಡಲಿಕ್ಕೆ, ಚಕ್ಕೆ ಬೀಳಲಿಕ್ಕೆ. ಈಗ ಸುಲಭವಾಗಿ ಸಿಗುವ ಎಂ-ಸ್ಯಾಂಡ್ ಎರಡಕ್ಕೂ ಬೇಡ. ಮೂಲೆ ಮೂಲೆಯಾದ ಕಣ, ಜೊತೆಗೆ ಪುಡಿ, ಎರಡು ಮಳೆಗೆ ಬಿಗಿದು ಹಲಗೆಯಂತಾಗುತ್ತದೆ. ಬೀಳುವ ನೆಲಕ್ಕೆ ಜಲ್ಲಿಯ ಮಾತೇ ಬೇಡ.

ಚಕ್ಕೆ ಎಂದರೆ ಸವರಿದ ಮರದ ಕೊಂಬೆಗಳನ್ನು ಯಂತ್ರಕ್ಕೆ ಹಾಕಿ ತುಂಡರಿಸಿದ್ದು. ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆ, ಬಣ್ಣ ಬಳಿದ ಮರ ಅದರಲ್ಲಿ ಬೆರೆತಿರಬಾರದು, ಮೊಳೆ ಉಳಿದಿರುತ್ತದೆ. ತುಳಿದ ಮೇಲೆ ಚಕ್ಕೆ ಕಾಲು ಭಾಗ ಕುಗ್ಗುವುದರಿಂದ 9 ಇಂಚು ಬೇಕಾದಲ್ಲಿ 12 ಇಂಚು ತುಂಬಬೇಕು. ನಿಮ್ಮ ಎರಡು ಜಾಗ ಸೇರಿ 960 ಚದರ ಅಡಿ, ಅಂದರೆ 960 ಘನ ಅಡಿ ಚಕ್ಕೆ, ಸುಮಾರು 27 ಘನ ಮೀಟರ್. ನೆಲವನ್ನು 16 ಇಂಚು ಅಗೆದು ತಳದಲ್ಲಿ 4 ಇಂಚು ಜಲ್ಲಿ, ಅದರ ಮೇಲೆ ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಚಕ್ಕೆ. ಜಲ್ಲಿಯೊಳಗೆ ತೂತುಳ್ಳ 4 ಇಂಚಿನ ಪಿವಿಸಿ ಪೈಪನ್ನು ಇಳಿಜಾರಾಗಿ ಹಾಕಿ ಇಂಗುಗುಂಡಿಗೋ ಚರಂಡಿಗೋ ಸೇರಿಸಿ. ಇದನ್ನು ಮರೆತರೆ ಕೆಂಪು ಜೇಡಿಯಲ್ಲಿ ತೋಡಿದ ಆ ಗುಂಡಿ ಸೆಪ್ಟೆಂಬರ್ ಮಳೆಗೆ ಕೆರೆಯಾಗುತ್ತದೆ. ಕಂಬದ ಬುಡದ ಕಾಂಕ್ರೀಟ್ ಚಕ್ಕೆಯ ಅಡಿಗೇ ಇರಬೇಕು, ಮೇಲೆ ಇಣುಕಬಾರದು. ಕಂಬದ ಮೇಲೆ 9 ಇಂಚಿನ ಮಟ್ಟಕ್ಕೆ ಕೆಂಪು ಗೆರೆ ಎಳೆದಿಡಿ. ಗೆರೆ ಕಂಡ ವಾರ ಚಕ್ಕೆ ತುಂಬುವ ವಾರ. ಉಯ್ಯಾಲೆಯ ಕೆಳಗೆ, ಜಾರುಬಂಡೆಯ ತುದಿಗೆ ಕಾಲು ಕೆದರಿ ಹಳ್ಳ ಬೀಳುವುದು ಖಂಡಿತ. ಅಲ್ಲಿ ಚಕ್ಕೆಯ ಅಡಿಗೊಂದು ರಬ್ಬರ್ ಮ್ಯಾಟ್ ಇರಲಿ, ವಾರಕ್ಕೊಮ್ಮೆ ಕೆದಕಿ ಸಮ ಮಾಡಲಿ. ಗೆದ್ದಲು ಬಂದೀತು, ಅಣಬೆಯೂ ಎದ್ದೀತು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮಗುಚಿ ಹಾಕಿ, ಔಷಧಿ ಸಿಂಪಡಿಸಲು ಹೋಗಬೇಡಿ.

ಇದೆಲ್ಲ ರಗಳೆ, ರಬ್ಬರ್ ನೆಲವೇ ಇರಲಿ ಎಂದರೆ ಅದೂ ಸರಿ. ಆದರೆ ದಪ್ಪ ಕೇಳಿ ಸುಮ್ಮನಾಗಬೇಡಿ. ಯಾವ ದಪ್ಪಕ್ಕೆ ಎಷ್ಟು ಎತ್ತರದವರೆಗೆ ತಲೆಗೆ ಆಘಾತದ ಅಂಕ 1000 ಮೀರುವುದಿಲ್ಲ ಎಂಬ ಪರೀಕ್ಷಾ ಪತ್ರ ಕೇಳಿ. ಎಚ್‌ಐಸಿ ಎನ್ನುತ್ತಾರೆ ಅದನ್ನು. ಆ ಎತ್ತರ ನಿಮ್ಮ 6 ಅಡಿಗಿಂತ ಕಡಿಮೆ ಇದ್ದರೆ ಬಣ್ಣ ಎಷ್ಟು ಚಂದವಿದ್ದರೂ ಬೇಡ. ಅಪಾರ್ಟ್‌ಮೆಂಟಿನ ಓದುಗರಿಗೂ ಇಲ್ಲೇ ಒಂದು ಮಾತು. ಬೇಸ್‌ಮೆಂಟ್ ಸ್ಲ್ಯಾಬ್ ಮೇಲೆ ಒಂದಡಿ ಮರಳು ತುಂಬಿದರೆ ಚದರ ಮೀಟರಿಗೆ ಒಣಗಿದ್ದಾಗಲೇ 480 ಕೆ.ಜಿ. ಭಾರ. ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪದೆ ಹಾಕಬಾರದು. ಕಂಬ ನಿಲ್ಲಿಸಲು ಸ್ಲ್ಯಾಬಿಗೆ ಡ್ರಿಲ್ ಹೊಡೆದರೆ ವಾಟರ್‌ಪ್ರೂಫಿಂಗ್ ಹರಿದು ಕೆಳಗಿನ ಕಾರಿನ ಮೇಲೆ ಸುಣ್ಣದ ನೀರು ತೊಟ್ಟಿಕ್ಕುತ್ತದೆ.

ಸಲಕರಣೆ ಬಂದಿಳಿದ ದಿನ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗಟ್ಟಿ ರಟ್ಟಿನಲ್ಲಿ 3.5 x 6.2 ಇಂಚಿನ ಒಂದು ಆಯತ, 9 ಇಂಚು ವ್ಯಾಸದ ಒಂದು ಬಿಲ್ಲೆ ಕತ್ತರಿಸಿಕೊಳ್ಳಿ. ಆಯತ ಚಿಕ್ಕ ಮಗುವಿನ ಮೈ, ಬಿಲ್ಲೆ ತಲೆ. ಕಟಕಟೆಯ ಸಂದು, ಬಲೆಯ ಕಣ್ಣು, ಮೆಟ್ಟಿಲುಗಳ ನಡುವಿನ ತೆರವು, ಹೀಗೆ ಪ್ರತಿಯೊಂದಕ್ಕೂ ತೂರಿಸಿ ನೋಡಿ. ಆಯತ ಹೋಗಲೇ ಇಲ್ಲವೆಂದರೆ ಸರಿ. ಎರಡೂ ಹೋದರೂ ಸರಿ. ಆಯತ ಹೋಗಿ ಬಿಲ್ಲೆ ನಿಂತಿತೋ, ಆ ಸಂದನ್ನು ಮುಚ್ಚಿಸುವವರೆಗೆ ಬಿಲ್ ಪಾವತಿ ಬೇಡ. ಮಕ್ಕಳು ಕಾಲನ್ನು ಮುಂದೆ ಮಾಡಿ ನುಸುಳುತ್ತಾರೆ. ಕಾಲು ಹೋಯಿತು, ಸೊಂಟ ಹೋಯಿತು, ಎದೆ ಹೋಯಿತು, ತಲೆ ಸಿಕ್ಕಿಕೊಂಡಿತು, ಕಾಲಡಿಗೆ ನೆಲವಿಲ್ಲ. 3 ಅಡಿ ಅಟ್ಟಕ್ಕೆ ಐದು ವರ್ಷದೊಳಗಿನವರಷ್ಟೇ ಹತ್ತುವುದಾದರೆ ಕನಿಷ್ಠ 29 ಇಂಚಿನ, ದೊಡ್ಡ ಮಕ್ಕಳೂ ಹತ್ತುವುದಾದರೆ 38 ಇಂಚಿನ ಕಟಕಟೆ ಬೇಕು, ಸರಳುಗಳು ಲಂಬವಾಗಿರಲಿ. ಅಡ್ಡ ಸರಳು ಹಾಕಿದರೆ ಅದನ್ನೇ ಏಣಿ ಮಾಡಿಕೊಳ್ಳುತ್ತಾರೆ.

ಸರಪಳಿ ತೂಗುಹಾಕುವ ‘ಎಸ್’ ಕೊಕ್ಕೆಯನ್ನೂ ನೋಡಿ. ಬಾಯಿ ಪೂರ್ತಿ ಮುಚ್ಚಿರಬೇಕು, 1 ಮಿ.ಮೀ. ಸಂದೂ ಇರಬಾರದು. ತೆಳುವಾದ ವಿಸಿಟಿಂಗ್ ಕಾರ್ಡ್ ಒಳಗೆ ತೂರಿದರೂ ಇಕ್ಕಳದಿಂದ ಒತ್ತಿಸಿ. ದುಪ್ಪಟ್ಟ, ಜರ್ಕಿನ್ನಿನ ದಾರ, ಶಾಲೆಯ ಐಡಿ ಕಾರ್ಡಿನ ಟ್ಯಾಗ್ ಎಲ್ಲ ಸಿಕ್ಕಿಕೊಳ್ಳುವುದು ಇಂಥಲ್ಲೇ, ಜಾರುಬಂಡೆಯ ತಲೆಯಲ್ಲಿ ಹೊರಚಾಚಿದ ಬೋಲ್ಟಿಗೂ ಸಿಕ್ಕುತ್ತವೆ. ನಟ್ಟಿನಾಚೆ ಬೋಲ್ಟಿನ ಎರಡು ಸುತ್ತಿಗಿಂತ ಹೆಚ್ಚು ಕಾಣಬಾರದು. ಸೈಕಲ್ ಹೆಲ್ಮೆಟ್ ತೆಗೆದೇ ಹತ್ತಬೇಕು, ಗಲ್ಲದ ಪಟ್ಟಿ ಹಗ್ಗದಂತೆ ಬಿಗಿಯುತ್ತದೆ. ಆಸನ ರಬ್ಬರ್ ಬೆಲ್ಟಿನದೇ ಇರಲಿ. ಮರದ ಹಲಗೆ, ಕಬ್ಬಿಣದ ತಗಡು ಹಿಂದೆ ನಿಂತ ಮಗುವಿನ ಹಣೆಗೆ ಬಡಿಯುವ ಆಯುಧ.

ಬಣ್ಣದ ವಿಷಯ: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ 2016ರದ್ದು. ಅದು ಹೌಸ್‌ಹೋಲ್ಡ್, ಡೆಕೊರೇಟಿವ್ ಬಣ್ಣಗಳಿಗೆ ಅನ್ವಯ, ಇಂಡಸ್ಟ್ರಿಯಲ್ ಬಣ್ಣಕ್ಕಲ್ಲ. ವೆಲ್ಡಿಂಗ್ ಶಾಪಿನಲ್ಲಿ ಕೈಗೆ ಸಿಗುವುದು ಎರಡನೆಯದೇ. ಡಬ್ಬ ನೀವೇ ತಂದುಕೊಡಿ.

ಬೇಲಿಗೆ ಕಣಗಿಲೆ ನೆಡಬೇಡಿ, ಎಲೆ, ಹೂವು, ಬೀಜ ಎಲ್ಲ ವಿಷ. ಹಳದಿ ಕಣಗಿಲೆಯೂ ಅಷ್ಟೇ. ಗುಲ್‌ಮೊಹರ್ ಹೂ ಚಂದ, ಆದರೆ ಮೇ ತಿಂಗಳ ಗಾಳಿಮಳೆಗೆ ಕೊಂಬೆ ಲಟಕ್ಕೆನ್ನುತ್ತದೆ. ಹಳೆಯ ಟೈರು ಇಡುವುದಾದರೆ ಕೆಳಗೆ ನಾಲ್ಕು ತೂತು ಕೊರೆಯಿರಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿ ಕಟ್ಟಿಕೊಟ್ಟಂತೆ. ಮರಳುಗುಂಡಿಗೆ ರಾತ್ರಿ ಬಲೆಯ ಮುಚ್ಚಳ ಬೇಕು. ಬೀದಿನಾಯಿ, ಬೆಕ್ಕು ಅದನ್ನು ಕಕ್ಕಸು ಮಾಡಿಕೊಂಡರೆ ಮಕ್ಕಳ ಹೊಟ್ಟೆಗೆ ಹುಳು. ಗುಂಡಿಯ ಪಕ್ಕ ಒಂದು ಪೆಟ್ಟಿಗೆಯಲ್ಲಿ ತೆಂಗಿನ ಚಿಪ್ಪು, ಹಳೆಯ ಸೌಟು, ಪೈಪಿನ ತುಂಡು, ನಾಲ್ಕು ಹಲಗೆ ಹಾಕಿಡಿ. ಸ್ಟೇಷನ್ನಿನ ಸುರಂಗಕ್ಕೆ ತೆರುವ ಹಣದ ನೂರನೇ ಪಾಲೂ ಆಗದು, ಆಟ ಮಾತ್ರ ದಿನಕ್ಕೊಂದು ಬಗೆ.

ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಚಕ್ಕೆಯೊಳಗೆ ಹೋಗಲಾಗದು. ಅದಕ್ಕೆ ಗೇಟಿನಿಂದ ಮರಳಿನ ತನಕ ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲದ ಪೇವರ್ ದಾರಿ ಹಾಕಿಸಿ, ಗುಂಡಿಯ ಒಂದು ಅಂಚಿಗೆ ಕೆಳಗೆ ಮೊಣಕಾಲು ತೂರುವಂಥ ಮರಳಿನ ಮೇಜು ಮಾಡಿಸಿ. ಎರಡು ಆಸನಗಳಲ್ಲಿ ಒಂದಕ್ಕೆ ಬೆನ್ನಿನ ಆಸರೆ, ಪಟ್ಟಿ ಇರುವುದನ್ನು ಬೇಕೆಂದಾಗ ಕೊಕ್ಕೆಗೆ ಬದಲಿಸುವ ಏರ್ಪಾಡು ಇರಲಿ.

ಕೊನೆಯದಾಗಿ, ಹೊಸ ಕೊಟೇಶನ್ ಕೇಳುವ ಮೊದಲು ಒಂದು ಭಾನುವಾರ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಮೇಲಿನ ಅಳತೆಗಳ ಗೆರೆ ಎಳೆಯಿರಿ. 24x22 ಒಂದು, 27x16 ಇನ್ನೊಂದು, ಮರಳಿಗೆ 6x10. ಸಂಘದವರೆಲ್ಲ ಗೇಟಿನಿಂದ ಒಮ್ಮೆ ನಡೆದು ಬರಲಿ. ಗೆರೆಯೊಳಗೆ ಈಗಾಗಲೇ ಮ್ಯಾನ್‌ಹೋಲ್, ಲೈಟ್ ಕಂಬ, ಮರದ ಬೇರು ಏನಾದರೂ ಕಂಡರೆ ನಕ್ಷೆಯ ಜೊತೆ ಮತ್ತೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅಳತೆಯನ್ನು ತಿದ್ದಿ ಕೊಡುತ್ತೇವೆ.